ಅರ್ಜಿ ಶುಲ್ಕವೆಂಬ ಮೊದಲ ಬಾಗಿಲು

ಉನ್ನತ ಶಿಕ್ಷಣದ ಕುರಿತು ನಮ್ಮ ಸಮುದಾಯದಲ್ಲಿ ಇಂದು ಚರ್ಚೆಯಾಗುತ್ತಿದೆ ಎಂಬುದು ಸಂತೋಷದ ವಿಷಯ. 2006ರಲ್ಲಿ ಸಾಚಾರ್ ಸಮಿತಿಯು ತನ್ನ ವರದಿಯನ್ನು ಮುಂದಿಟ್ಟಾಗ, ಇಪ್ಪತ್ತು ವರ್ಷ ದಾಟಿದ ಮುಸ್ಲಿಮರಲ್ಲಿ ಪದವೀಧರರು ಮತ್ತು ಡಿಪ್ಲೊಮಾ ಪಡೆದವರು ಶೇಕಡಾ 4ನ್ನೂ ಮುಟ್ಟಿಲ್ಲ, ದೇಶದ ಒಟ್ಟು ಜನಸಂಖ್ಯೆಯಲ್ಲಿ ಅದು ಶೇಕಡಾ 7ರಷ್ಟಿದೆ ಎಂಬ ಸತ್ಯವು ನಮ್ಮನ್ನು ತಲೆತಗ್ಗಿಸುವಂತೆ ಮಾಡಿತ್ತು. ಆ ಬಳಿಕ ಪರಿಸ್ಥಿತಿ ಒಂದಿಷ್ಟು ಬದಲಾಗಿದೆ. ಪಿಯುಸಿ ಮುಗಿಸಿದ ಮಕ್ಕಳನ್ನು ಅಂಗಡಿಗೆ ಕೂರಿಸುವ ಬದಲು ಕಾಲೇಜಿಗೆ ಕಳುಹಿಸುವ ಮನೆಗಳು ಹೆಚ್ಚಿವೆ. ಪದವಿ ಮುಗಿಸಿದ ಮಕ್ಕಳು ಜರ್ಮನಿ, ಬ್ರಿಟನ್, ಅಮೆರಿಕ, ಕೆನಡಾಗಳ ವಿಶ್ವವಿದ್ಯಾನಿಲಯಗಳ ಹೆಸರನ್ನು ಮನೆಯಲ್ಲಿ ಪ್ರಸ್ತಾಪಿಸತೊಡಗಿದ್ದಾರೆ. ಆದರೆ ಕನಸಿಗೂ ಪ್ರವೇಶಕ್ಕೂ ನಡುವೆ ಒಂದು ಸಣ್ಣ ಬಾಗಿಲಿದೆ. ಅದರ ಬಗ್ಗೆ ಯಾವ ಸಮ್ಮೇಳನದಲ್ಲೂ ಭಾಷಣವಾಗುವುದಿಲ್ಲ, ಯಾವ ಠರಾವೂ ಅಂಗೀಕಾರವಾಗುವುದಿಲ್ಲ. ಅದುವೇ ಅರ್ಜಿ ಶುಲ್ಕ.

ಅರ್ಜಿ ಶುಲ್ಕವೆಂದರೆ ಬೋಧನಾ ಶುಲ್ಕವಲ್ಲ. ನಮ್ಮ ಅರ್ಜಿಯನ್ನು ತೆರೆದು ನೋಡುವುದಕ್ಕಾಗಿ ವಿಶ್ವವಿದ್ಯಾನಿಲಯವು ಮುಂಗಡವಾಗಿ ಕೇಳುವ ಹಣ ಅದು. ಸೀಟು ಸಿಗದಿದ್ದರೆ ಅದು ಹಿಂದಿರುಗುವುದಿಲ್ಲ; ಸಿಕ್ಕಿದರೂ ಬಹುತೇಕ ಕಡೆ ಬೋಧನಾ ಶುಲ್ಕದಲ್ಲಿ ಕಳೆಯಲ್ಪಡುವುದಿಲ್ಲ. ನಮ್ಮ ನಡುವೆ ಇರುವ ಶೈಕ್ಷಣಿಕ ನೆರವುಗಳತ್ತ ಒಮ್ಮೆ ಕಣ್ಣು ಹಾಯಿಸಿ. ಬ್ಯಾಂಕುಗಳ ಶಿಕ್ಷಣ ಸಾಲವಿರಲಿ, ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಸಾಲ ಯೋಜನೆಗಳಿರಲಿ, ಊರಿನ ಟ್ರಸ್ಟ್‌ಗಳು ಕೊಡುವ ವಿದ್ಯಾರ್ಥಿವೇತನವಿರಲಿ, ಸಾಮಾನ್ಯವಾಗಿ ಮೊದಲು ಕೇಳುವುದು ಪ್ರವೇಶ ದೊರೆತಿರುವ ಪತ್ರವನ್ನು. ಸೀಟು ಸಿಕ್ಕಿದವನಿಗೆ ನೆರವು ಇದೆ. ಸೀಟು ಕೇಳಲು ಹೊರಟವನಿಗೆ ಇಲ್ಲ. ಆದ್ದರಿಂದ ಈ ಹಣವನ್ನು ಕುಟುಂಬವೇ, ಅದೂ ಫಲಿತಾಂಶದ ಖಾತ್ರಿಯಿಲ್ಲದೆ, ಕೈಯಿಂದ ಹಾಕಬೇಕು. ಅನೇಕ ಪ್ರತಿಭಾವಂತ ಮಕ್ಕಳ ಪಯಣ ನಿಲ್ಲುವುದು ಸೀಟು ನಿರಾಕರಣೆಯ ಪತ್ರದಿಂದಲ್ಲ. ಅರ್ಜಿಯನ್ನೇ ಹಾಕದೆ ಉಳಿದುದರಿಂದ ಎಂಬುದನ್ನು ನಾವು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಈ ಶುಲ್ಕ ಎಲ್ಲ ದೇಶಗಳಲ್ಲೂ ಒಂದೇ ತೆರನಾಗಿಲ್ಲ. ಅಮೆರಿಕದಲ್ಲಿ ಪ್ರತಿಯೊಂದು ವಿಶ್ವವಿದ್ಯಾನಿಲಯವೂ ಪ್ರತ್ಯೇಕವಾಗಿ ವಸೂಲು ಮಾಡುತ್ತದೆ. ಸ್ನಾತಕೋತ್ತರ ಕೋರ್ಸುಗಳಿಗೆ 75 ಡಾಲರಿನ ಆಸುಪಾಸು ಸಾಮಾನ್ಯ. ಸ್ಟ್ಯಾನ್‌ಫೋರ್ಡ್‌ನಂತಹ ಕಡೆ ಅದು 125 ಡಾಲರ್. ಬ್ರಿಟನ್ನಿನಲ್ಲಿ ಪದವಿ ತರಗತಿಗಳಿಗೆ ಯುಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಅರ್ಜಿ ಹೋಗುತ್ತದೆ. 2025ರ ಪ್ರವೇಶಕ್ಕೆ ಅದು 28.50 ಪೌಂಡ್ ಪಡೆದು ಐದು ಆಯ್ಕೆಗಳಿಗೆ ಅವಕಾಶ ನೀಡಿತ್ತು. ಸ್ವೀಡನ್ನಿನಲ್ಲಿ ಯುರೋಪಿನ ಹೊರಗಿನವರು 900 ಕ್ರೋನರ್ ಒಮ್ಮೆ ಕಟ್ಟಿದರೆ ಒಂದು ಸುತ್ತಿನ ಎಲ್ಲ ಆಯ್ಕೆಗಳಿಗೂ ಅದು ಸಾಕು. ಜರ್ಮನಿಯಲ್ಲಿ ಅನೇಕ ವಿಶ್ವವಿದ್ಯಾನಿಲಯಗಳ ಪರವಾಗಿ ವಿದೇಶೀ ಅರ್ಜಿಗಳನ್ನು ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಯು ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರಿನ ನಂತರದ ಪ್ರತಿ ಅರ್ಜಿಗೆ 30 ಯೂರೋ ಪಡೆಯುತ್ತದೆ. ಆದರೆ ಭಾರತೀಯ ವಿದ್ಯಾರ್ಥಿಗಳು ಅದಕ್ಕೂ ಮೊದಲು ಎಪಿಎಸ್ ಎಂಬ ಪ್ರಮಾಣಪತ್ರ ಪರಿಶೀಲನೆಗೆ ಒಳಪಡಬೇಕು. 2022ರ ನವೆಂಬರ್‌ನಿಂದ ಕಡ್ಡಾಯವಾದ ಈ ಪರಿಶೀಲನೆಗೆ 18,000 ರೂಪಾಯಿ ನಿಗದಿಯಾಗಿತ್ತು. ಜರ್ಮನಿಯಲ್ಲಿ ಓದು ಉಚಿತ ಎಂದು ಕೇಳಿ ಹೊರಡುವ ಹುಡುಗನಿಗೆ ಅರ್ಜಿ ಮಾತ್ರ ಉಚಿತವಲ್ಲ ಎಂಬುದು ಆಮೇಲೆ ತಿಳಿಯುತ್ತದೆ. ಅವನ ಓದು ಎಲ್ಲೆಡೆ ಉಚಿತವೂ ಅಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರಿಂದಲೇ ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ.

ಸರಳವಾದ ಒಂದು ಲೆಕ್ಕ ನೋಡೋಣ. ಅಮೆರಿಕದ ಎಂಟು ವಿಶ್ವವಿದ್ಯಾನಿಲಯಗಳಿಗೆ ತಲಾ 75 ಡಾಲರಿನಂತೆ ಅರ್ಜಿ ಹಾಕಿದರೆ 600 ಡಾಲರ್. ಡಾಲರೊಂದಕ್ಕೆ 85 ರೂಪಾಯಿ ಎಂದಿಟ್ಟುಕೊಂಡರೂ ಅದು 51,000 ರೂಪಾಯಿ. ಇಂಗ್ಲಿಷ್ ಭಾಷಾ ಪರೀಕ್ಷೆಗೆ 17,000ಕ್ಕೂ ಹೆಚ್ಚು, ಜಿಆರ್‌ಇ ಪರೀಕ್ಷೆ ಬೇಕಿದ್ದರೆ ಅದಕ್ಕೂ ಹೆಚ್ಚು, ಅಂಕಪಟ್ಟಿಯ ದೃಢೀಕೃತ ಪ್ರತಿಗಳಿಗೆ ಮತ್ತೊಂದಿಷ್ಟು. ಹೀಗೆ ವಿಮಾನದ ಮೆಟ್ಟಿಲು ಕಾಣುವುದಕ್ಕೂ ಮೊದಲೇ ಲಕ್ಷದ ಹತ್ತಿರ ಹಣ ಖರ್ಚಾಗುತ್ತದೆ. 2004-05ರ ಸುಮಾರಿಗೆ ಡಾಲರ್ 45 ರೂಪಾಯಿಯ ಆಸುಪಾಸಿನಲ್ಲಿತ್ತು. ಅಂದರೆ ವಿಶ್ವವಿದ್ಯಾನಿಲಯವು ತನ್ನ ಶುಲ್ಕವನ್ನು ಒಂದು ಸೆಂಟ್ ಕೂಡ ಏರಿಸದಿದ್ದರೂ ನಮ್ಮ ಪಾಲಿಗೆ ಅದು ಇಮ್ಮಡಿಯ ಹತ್ತಿರ ಬಂದು ನಿಂತಿದೆ.

ಶುಲ್ಕವಿಲ್ಲದಿದ್ದರೆ ಗಂಭೀರವಲ್ಲದ ಅರ್ಜಿಗಳು ರಾಶಿ ಬೀಳುತ್ತವೆ, ಅವನ್ನು ಓದಲು ಸಿಬ್ಬಂದಿ ಬೇಕು ಎಂಬುದು ವಿಶ್ವವಿದ್ಯಾನಿಲಯಗಳ ವಾದ. ಈ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಒಂದೇ ಮೊತ್ತವು ಎಲ್ಲರಿಗೂ ಒಂದೇ ಭಾರವಲ್ಲ. ಅಮೆರಿಕದ ಒಕ್ಕೂಟ ಸರಕಾರವು 2009ರಲ್ಲಿ ನಿಗದಿಪಡಿಸಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಆ ಲೆಕ್ಕದಲ್ಲಿ ಅಲ್ಲಿನ ಅತ್ಯಂತ ಕಡಿಮೆ ಕೂಲಿಯ ಕಾರ್ಮಿಕನಿಗೂ 75 ಡಾಲರ್ ಎಂದರೆ ಹತ್ತು ಗಂಟೆಗಳ ದುಡಿಮೆ. ದಿನಕ್ಕೆ 600 ರೂಪಾಯಿ ಮನೆಗೆ ತರುವ ನಮ್ಮ ಆಟೋ ಚಾಲಕನಿಗೆ ಅದೇ ಶುಲ್ಕ ಹತ್ತು ದಿನಗಳಿಗೂ ಮಿಕ್ಕಿದ ದುಡಿಮೆ. ಹತ್ತು ಗಂಟೆಗೂ ಹತ್ತು ದಿನಕ್ಕೂ ಇರುವ ಅಂತರವನ್ನು ಯಾವ ಅರ್ಜಿ ನಮೂನೆಯೂ ಕೇಳುವುದಿಲ್ಲ. ಗಂಭೀರವಲ್ಲದ ಶ್ರೀಮಂತನ ಅರ್ಜಿಯನ್ನು ಈ ಶುಲ್ಕ ತಡೆಯುವುದಿಲ್ಲ. ಗಂಭೀರನಾದ ಬಡವನ ಅರ್ಜಿಯನ್ನು ತಡೆಯುತ್ತದೆ.

ಇದರ ಪೆಟ್ಟು ಮನೆಯೊಳಗೂ ಸಮಾನವಾಗಿ ಬೀಳುವುದಿಲ್ಲ. ಖಾತ್ರಿಯಿಲ್ಲದ ಹಣವನ್ನು ಯಾರ ಮೇಲೆ ಹಾಕಬೇಕು ಎಂಬ ಪ್ರಶ್ನೆ ಎದುರಾದಾಗ ನಮ್ಮ ಮನೆಗಳು ಹೆಚ್ಚಾಗಿ ಮಗನನ್ನೇ ಆರಿಸುತ್ತವೆ. ಮಗಳು ತರಗತಿಯಲ್ಲಿ ಮೊದಲಿಗಳಾಗಿದ್ದರೂ "ಸೀಟು ಸಿಗುತ್ತದೋ ಇಲ್ಲವೋ, ಅಷ್ಟು ಹಣ ಯಾಕೆ ಸುರಿಯಬೇಕು" ಎಂಬ ಮಾತು ಅವಳ ಪಾಲಿಗೆ ಬರುತ್ತದೆ. ಮಗನಿಗೆ ಆರು ಅರ್ಜಿ, ಮಗಳಿಗೆ ಒಂದು ಅಥವಾ ಅದೂ ಇಲ್ಲ. ಬೋಧನಾ ಶುಲ್ಕದಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಿದರೆ ನಾಲ್ಕು ಜನ ಕೇಳಿಯಾರು. ಅರ್ಜಿ ಶುಲ್ಕದಲ್ಲಿ ಮಾಡುವ ಭೇದ ಯಾರ ಕಣ್ಣಿಗೂ ಬೀಳುವುದಿಲ್ಲ. ಏಕೆಂದರೆ ಹಾಕದ ಅರ್ಜಿಗೆ ದಾಖಲೆಯಿಲ್ಲ.

ಹಣ ಹೊಂದಿಸಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯುತ್ತದೆಯೇ? ಇಲ್ಲ. ಆ ಹಣವನ್ನು ಗಡಿ ದಾಟಿಸಬೇಕು. ಇಪ್ಪತ್ತು ವರ್ಷಗಳ ಹಿಂದೆ ವಿದ್ಯಾರ್ಥಿಗಳು ವಿದೇಶೀ ವಿನಿಮಯದ ಬ್ಯಾಂಕ್ ಶಾಖೆಗೆ ಹೋಗಿ ಡಾಲರಿನ ಡ್ರಾಫ್ಟ್ ಮಾಡಿಸಿ, ಅರ್ಜಿಯ ಜೊತೆಗಿಟ್ಟು ಕೊರಿಯರ್ ಮಾಡುತ್ತಿದ್ದರು. ಸಾಮಾನ್ಯ ನಾಗರಿಕರು ವಿದೇಶಕ್ಕೆ ಹಣ ಕಳುಹಿಸಲು ರಿಸರ್ವ್ ಬ್ಯಾಂಕು ಎಲ್‌ಆರ್‌ಎಸ್ ಎಂಬ ಉದಾರೀಕೃತ ಯೋಜನೆಯನ್ನು 2004ರಲ್ಲಿ ತಂದಾಗ ಅದರ ಮಿತಿ 25,000 ಡಾಲರ್ ಇತ್ತು. 2015ರಿಂದ ಅದು ವರ್ಷಕ್ಕೆ 2,50,000 ಡಾಲರ್. ಕಾನೂನಿನ ಬಾಗಿಲು ಹೀಗೆ ಅಗಲವಾಗಿದೆ. ಆದರೆ ಇಂದು ಅರ್ಜಿ ಶುಲ್ಕ ಪಾವತಿಯಾಗುವುದು ಹೆಚ್ಚಾಗಿ ಕಾರ್ಡಿನ ಮೂಲಕ. ಬಡ ಮತ್ತು ಕೆಳಮಧ್ಯಮ ಕುಟುಂಬಗಳು ಎಡವುವುದು ಅಲ್ಲಿಯೇ.

2014ರ ಆಗಸ್ಟ್‌ನಲ್ಲಿ ಆರಂಭವಾದ ಜನಧನ ಯೋಜನೆಯಿಂದ ಕೋಟ್ಯಂತರ ಮನೆಗಳಿಗೆ ಬ್ಯಾಂಕ್ ಖಾತೆಯೂ ರುಪೇ ಕಾರ್ಡೂ ಬಂದವು. ಅದು ಒಳ್ಳೆಯ ಕೆಲಸ. ಆದರೆ ದೇಶದೊಳಗಿನ ಬಳಕೆಗೆಂದು ಕೊಟ್ಟ ಸಾಮಾನ್ಯ ರುಪೇ ಕಾರ್ಡನ್ನು ವಿದೇಶೀ ವಿಶ್ವವಿದ್ಯಾನಿಲಯದ ಪಾವತಿ ವ್ಯವಸ್ಥೆ ಗುರುತಿಸುವುದಿಲ್ಲ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಮುದ್ರೆಯ ಡೆಬಿಟ್ ಕಾರ್ಡ್ ಇದ್ದರೂ ಅದು ಕೆಲಸ ಮಾಡದೆ ಹೋಗುವುದುಂಟು. 2020ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಿಗೆ ಮಾತ್ರ ತೆರೆದಿರುತ್ತವೆ. ಆನ್‌ಲೈನ್ ಮತ್ತು ವಿದೇಶೀ ವ್ಯವಹಾರವನ್ನು ಗ್ರಾಹಕನೇ ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಶಾಖೆಯಲ್ಲಿ ತೆರೆಯಿಸಿಕೊಳ್ಳಬೇಕು. ವಂಚನೆಯಿಂದ ರಕ್ಷಿಸಲು ಮಾಡಿದ ಸರಿಯಾದ ನಿಯಮ ಇದು. ಆದರೆ ಇದನ್ನು ತಿಳಿಯದ ವಿದ್ಯಾರ್ಥಿಯು ಕೊನೆಯ ರಾತ್ರಿ ಮೂರು ಬಾರಿ ಪ್ರಯತ್ನಿಸಿ, ಕಾರ್ಡ್ ನಿರಾಕರಿಸಲ್ಪಟ್ಟಾಗ ತನ್ನ ಅರ್ಜಿಯೇ ನಿರಾಕರಿಸಲ್ಪಟ್ಟಿತೆಂದು ಕೈಚೆಲ್ಲುತ್ತಾನೆ. ಅರ್ಜಿ ಹಾಕುವ ಒಂದು ವಾರ ಮೊದಲೇ ಈ ಸೌಲಭ್ಯವನ್ನು ತೆರೆದು, ಬೇಕಾದಷ್ಟೇ ಮಿತಿಯನ್ನು ನಿಗದಿಪಡಿಸಿ, ಪಾವತಿಯಾದ ಮೇಲೆ ಮುಚ್ಚಿಬಿಡುವುದು ಸುಲಭವಾದ ಪರಿಹಾರ.

ಕಾರ್ಡಿನಲ್ಲಿ ಕಟ್ಟುವಾಗ ವಿನಿಮಯ ದರದ ಮೇಲೆ ಬ್ಯಾಂಕು ತನ್ನ ಪಾಲನ್ನು ಸೇರಿಸುತ್ತದೆ. ಅದು ಶೇಕಡಾ 3.5 ಇದ್ದರೆ, 85 ರೂಪಾಯಿಯ ಲೆಕ್ಕದಲ್ಲಿ 75 ಡಾಲರಿನ 6,375 ರೂಪಾಯಿಗೆ 223 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 40 ರೂಪಾಯಿ ಸೇರಿ ಸುಮಾರು 6,638 ರೂಪಾಯಿಯಾಗುತ್ತದೆ. ಖಾತೆಯಲ್ಲಿ ಸರಿಯಾಗಿ 6,375 ರೂಪಾಯಿ ಮಾತ್ರ ಇಟ್ಟುಕೊಂಡವನ ಪಾವತಿ ವಿಫಲವಾಗುವುದು ಹೀಗೆ. ಬ್ಯಾಂಕಿನಿಂದ ನೇರವಾಗಿ ಹಣ ಕಳುಹಿಸುವುದಾದರೆ ಪ್ಯಾನ್ ಸಂಖ್ಯೆಯೂ ಎ2 ನಮೂನೆಯೂ ಬೇಕು. ದಾರಿಯಲ್ಲಿರುವ ಮಧ್ಯವರ್ತಿ ಬ್ಯಾಂಕುಗಳು ತಮ್ಮ ಶುಲ್ಕವನ್ನು ಅದೇ ಹಣದಿಂದ ಕಳೆದುಕೊಂಡರೆ 75 ಯೂರೋ ಎಂದು ಕಳುಹಿಸಿದ್ದು ಅಲ್ಲಿಗೆ ಕಡಿಮೆಯಾಗಿ ತಲುಪಬಹುದು. ಯೂನಿ-ಅಸಿಸ್ಟ್‌ನಂತಹ ಸಂಸ್ಥೆಗಳು ಪೂರ್ಣ ಮೊತ್ತ ಸೇರುವವರೆಗೆ ಅರ್ಜಿಯನ್ನು ಪರಿಶೀಲನೆಗೆ ಎತ್ತಿಕೊಳ್ಳುವುದಿಲ್ಲ. ಆದ್ದರಿಂದ ಎಲ್ಲ ವೆಚ್ಚವನ್ನೂ ಕಳುಹಿಸುವವನೇ ಭರಿಸುವ ಆಯ್ಕೆಯನ್ನು ಬ್ಯಾಂಕಿನಲ್ಲಿ ಕೇಳಿ ಪಡೆಯಬೇಕು ಮತ್ತು ಅರ್ಜಿದಾರನ ಸಂಖ್ಯೆಯನ್ನು ಪಾವತಿಯ ವಿವರದಲ್ಲಿ ತಪ್ಪದೆ ನಮೂದಿಸಬೇಕು. ಸಣ್ಣ ಮೊತ್ತಕ್ಕೆ ಈ ದಾರಿ ದುಬಾರಿ. ಕಾರ್ಡು ಸಾಧ್ಯವೇ ಇಲ್ಲದಾಗ ಮಾತ್ರ ಇದನ್ನು ಬಳಸುವುದು ಸೂಕ್ತ. ಇನ್ನು, ವಿದೇಶಕ್ಕೆ ಕಳುಹಿಸುವ ಹಣದ ಮೇಲೆ ಸರಕಾರ ಮೂಲದಲ್ಲೇ ಸಂಗ್ರಹಿಸುವ ತೆರಿಗೆಯು 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೇಲಷ್ಟೇ ಅನ್ವಯಿಸುತ್ತದೆ. ಕೆಲವು ಸಾವಿರದ ಅರ್ಜಿ ಶುಲ್ಕಕ್ಕೆ ಈ ತೆರಿಗೆಯ ಹೆಸರಿನಲ್ಲಿ ಯಾರಾದರೂ ಹೆಚ್ಚುವರಿ ಹಣ ಕೇಳಿದರೆ ಪೋಷಕರು ಎಚ್ಚರಗೊಳ್ಳಬೇಕು.

ಬಡ್ಡಿಯ ಭಯದಿಂದ ಕ್ರೆಡಿಟ್ ಕಾರ್ಡನ್ನು ದೂರವಿಟ್ಟಿರುವ ಕುಟುಂಬಗಳು ನಮ್ಮಲ್ಲಿ ಸಾಕಷ್ಟಿವೆ. ಅವರ ನಿಲುವು ಗೌರವಾರ್ಹ. ವಿದೇಶೀ ಅರ್ಜಿಗೆ ಕ್ರೆಡಿಟ್ ಕಾರ್ಡೇ ಬೇಕೆಂಬ ತಿಳಿವಳಿಕೆ ಮಾತ್ರ ಸರಿಯಲ್ಲ. ವಿದೇಶೀ ಬಳಕೆಗೆ ತೆರೆದ ಡೆಬಿಟ್ ಕಾರ್ಡ್ ಬಹುತೇಕ ಕಡೆ ನಡೆಯುತ್ತದೆ. ಮುಂಗಡವಾಗಿ ಹಣ ತುಂಬಿಸಿ ಬಳಸುವ ಫಾರೆಕ್ಸ್ ಕಾರ್ಡುಗಳೂ ಇವೆ. ಕೆಲವು ವಿಶ್ವವಿದ್ಯಾನಿಲಯಗಳು ಫ್ಲೈವೈರ್, ಕನ್ವೆರಾದಂತಹ ಸಂಸ್ಥೆಗಳ ಮೂಲಕ ರೂಪಾಯಿಯಲ್ಲೇ ಹಣ ಸ್ವೀಕರಿಸುವ ವ್ಯವಸ್ಥೆ ಮಾಡಿಕೊಂಡಿವೆ. ಸಾಲವಿಲ್ಲದೆ, ಬಡ್ಡಿಯಿಲ್ಲದೆ ಅರ್ಜಿ ಶುಲ್ಕ ಕಟ್ಟುವ ದಾರಿ ಇದೆ. ಅದನ್ನು ತೋರಿಸಿಕೊಡುವವರು ಕಡಿಮೆ.

ದಾರಿ ತೋರುವವರಿಲ್ಲದ ಜಾಗದಲ್ಲಿ ಏಜೆಂಟನು ಬಂದು ಕೂರುತ್ತಾನೆ. ಎಲ್ಲ ಏಜೆಂಟರೂ ವಂಚಕರೆಂದು ನಾವು ಹೇಳುವುದಿಲ್ಲ. ಪ್ರಾಮಾಣಿಕವಾಗಿ ಸೇವೆ ಸಲ್ಲಿಸುವವರೂ ಇದ್ದಾರೆ. ಆದರೆ ಹೆಚ್ಚಿನ ಏಜೆಂಟರಿಗೆ ಕಮಿಷನ್ ಬರುವುದು ವಿಶ್ವವಿದ್ಯಾನಿಲಯಗಳಿಂದ ಎಂಬುದನ್ನು ಪೋಷಕರು ಅರಿತಿರಬೇಕು. "ನಮ್ಮದು ಉಚಿತ ಸೇವೆ, ಅರ್ಜಿ ಶುಲ್ಕವನ್ನೂ ನಾವೇ ಕಟ್ಟುತ್ತೇವೆ" ಎನ್ನುವವನು ಕಮಿಷನ್ ಕೊಡುವ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನಷ್ಟೇ ಮುಂದಿಡಬಹುದು. ಕಮಿಷನ್ ಕೊಡದ, ಆದರೆ ಶುಲ್ಕ ಕಡಿಮೆಯಿರುವ ಉತ್ತಮ ಸರಕಾರಿ ವಿಶ್ವವಿದ್ಯಾನಿಲಯದ ಹೆಸರು ಅಲ್ಲಿ ಕಾಣಿಸದೆ ಇರಬಹುದು. ಕೆಲವು ನೂರು ಡಾಲರುಗಳ ಉಳಿತಾಯಕ್ಕಾಗಿ ಲಕ್ಷಾಂತರ ರೂಪಾಯಿಯ ತಪ್ಪು ಆಯ್ಕೆಗೆ ಕುಟುಂಬವು ಸಹಿ ಹಾಕುವುದು ಹೀಗೆ.

ಇನ್ನೂ ದೊಡ್ಡ ಅಪಾಯವೆಂದರೆ ಇಮೇಲ್, ಪಾಸ್‌ವರ್ಡ್, ಪ್ರಮಾಣಪತ್ರಗಳೆಲ್ಲವನ್ನೂ ಏಜೆಂಟನ ಕೈಗೆ ಒಪ್ಪಿಸಿ ಸುಮ್ಮನಿರುವುದು. 2023ರಲ್ಲಿ ಕೆನಡಾದಲ್ಲಿ ಏನು ನಡೆಯಿತೆಂಬುದನ್ನು ನೆನಪಿಸಿಕೊಳ್ಳಿ. ಹೆಚ್ಚಾಗಿ ಪಂಜಾಬಿನಿಂದ ಹೋದ ಹಲವಾರು ವಿದ್ಯಾರ್ಥಿಗಳು, ವರ್ಷಗಳ ಬಳಿಕ ತಮ್ಮ ಪ್ರವೇಶ ಪತ್ರವೇ ನಕಲಿ ಎಂಬ ಆರೋಪದ ಮೇಲೆ ಗಡೀಪಾರಿನ ಭೀತಿ ಎದುರಿಸಿದರು. ತಮಗೆ ಆ ಪತ್ರ ಕೊಟ್ಟದ್ದು ಏಜೆಂಟ್, ಅದು ನಕಲಿಯೆಂದು ತಮಗೆ ತಿಳಿದಿರಲಿಲ್ಲ ಎಂದು ಅವರು ಬೀದಿಯಲ್ಲಿ ಕುಳಿತು ಪ್ರತಿಭಟಿಸಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಿಂದ ಕೆನಡಾ ಸರಕಾರವು ಪ್ರತಿಯೊಂದು ಪ್ರವೇಶ ಪತ್ರವನ್ನೂ ಆಯಾ ಶಿಕ್ಷಣ ಸಂಸ್ಥೆಯೇ ದೃಢೀಕರಿಸಬೇಕೆಂಬ ನಿಯಮ ತಂದಿತು. ವಿದ್ಯಾರ್ಥಿಯು ತನ್ನದೇ ಇಮೇಲ್‌ನಿಂದ ಅರ್ಜಿ ತುಂಬಿ, ಶುಲ್ಕವನ್ನು ವಿಶ್ವವಿದ್ಯಾನಿಲಯದ ಅಧಿಕೃತ ಪುಟದಲ್ಲಿ ತಾನೇ ಕಟ್ಟಿ, ರಶೀದಿಯನ್ನು ತಾನೇ ಉಳಿಸಿಕೊಂಡರೆ ಇಂತಹ ಮೋಸದ ದಾರಿ ಬಹಳಷ್ಟು ಮುಚ್ಚಿಹೋಗುತ್ತದೆ. ಆ ರಶೀದಿಯು ಹಣ ಕಟ್ಟಿದ್ದಕ್ಕೆ ಪುರಾವೆ ಮಾತ್ರವಲ್ಲ, ಅರ್ಜಿ ನಿಜವಾಗಿ ಅಲ್ಲಿಗೆ ತಲುಪಿದೆ ಎಂಬುದಕ್ಕೂ ಪುರಾವೆ.

ಕರಾವಳಿಯ ನಮ್ಮ ಊರುಗಳಿಗೆ ಈ ವಿಷಯದ ಇನ್ನೊಂದು ಮುಖವೂ ಇದೆ. ದುಬೈ, ದಮ್ಮಾಮ್, ಮಸ್ಕತ್, ದೋಹಾಗಳಲ್ಲಿ ದುಡಿಯುವ ತಂದೆಯರು ಅಲ್ಲಿಂದಲೇ ಇಲ್ಲಿನ ವಿಶ್ವವಿದ್ಯಾನಿಲಯಗಳಿಗೆ ಮಕ್ಕಳ ಅರ್ಜಿ ಶುಲ್ಕ ಕಟ್ಟಬೇಕಾಗುತ್ತದೆ. ಅವರಿಗೂ ದಾರಿ ನೇರವಾಗಿಲ್ಲ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯು 2021ರಲ್ಲಿ ಮೊದಲ ಬಾರಿಗೆ ಕುವೈತ್ ಮತ್ತು ದುಬೈಯಲ್ಲಿ ನಡೆಯಿತು. ಮರುವರ್ಷ ವಿದೇಶದ 14 ನಗರಗಳಿಗೆ ವಿಸ್ತರಿಸಿತು. ಮಕ್ಕಳು ವಿಮಾನವೇರಿ ಊರಿಗೆ ಬರುವ ಖರ್ಚು ಇದರಿಂದ ಉಳಿಯಿತು. ಆದರೆ 2025ರಲ್ಲಿ ದೇಶದೊಳಗಿನ ಸಾಮಾನ್ಯ ವರ್ಗದ ಶುಲ್ಕ 1,700 ರೂಪಾಯಿಯಾಗಿದ್ದರೆ ವಿದೇಶದ ಕೇಂದ್ರವನ್ನು ಆರಿಸಿದವರಿಗೆ ಅದು 9,500 ರೂಪಾಯಿ. ಎನ್‌ಐಟಿಯಂತಹ ಸಂಸ್ಥೆಗಳಿಗೆ ಹೊರದೇಶದಲ್ಲಿರುವವರನ್ನು ಸೇರಿಸಿಕೊಳ್ಳುವ ಡಾಸಾ ಯೋಜನೆಯ ನೋಂದಣಿ ಶುಲ್ಕ ಈಚಿನ ವರ್ಷಗಳಲ್ಲಿ 300 ಡಾಲರ್. ಅದೂ ಹಿಂದಿರುಗುವುದಿಲ್ಲ. ಅದೇ ಯೋಜನೆಯಲ್ಲಿ ಗಲ್ಫ್ ರಾಷ್ಟ್ರಗಳ ಭಾರತೀಯ ಕಾರ್ಮಿಕರ ಮಕ್ಕಳಿಗಾಗಿ ಪ್ರತ್ಯೇಕ ಸೀಟುಗಳಿದ್ದು, ಅವರು ಬೋಧನಾ ಶುಲ್ಕವನ್ನು ಇಲ್ಲಿನ ವಿದ್ಯಾರ್ಥಿಗಳಷ್ಟೇ ಕಟ್ಟಿದರೆ ಸಾಕು. ಗಲ್ಫಿನಲ್ಲಿ ಸಣ್ಣ ಸಂಬಳಕ್ಕೆ ದುಡಿಯುವ ನಮ್ಮ ಎಷ್ಟು ಮಂದಿಗೆ ಈ ಅವಕಾಶದ ಬಗ್ಗೆ ತಿಳಿದಿದೆ? ವಿದೇಶದಲ್ಲಿದ್ದೇವೆ, ಆದ್ದರಿಂದ ಎನ್‌ಆರ್‌ಐ ಸೀಟಿನ ದುಬಾರಿ ಹಣವೇ ಗತಿ ಎಂದು ಭಾವಿಸಿ ಹಿಂದೆ ಸರಿಯುವವರಿಗೆ ಇದನ್ನು ತಲುಪಿಸಬೇಕಾದುದು ಯಾರ ಹೊಣೆ?

ಗಲ್ಫಿನ ಬ್ಯಾಂಕು ಕೊಟ್ಟ ಕಾರ್ಡು ಇಲ್ಲಿನ ಅನೇಕ ವಿಶ್ವವಿದ್ಯಾನಿಲಯಗಳ ಪಾವತಿ ಪುಟದಲ್ಲಿ ನಡೆಯುವುದಿಲ್ಲ. ಆಗ ಊರಿನ ಭಾವನಿಗೋ ಗೆಳೆಯನಿಗೋ ಫೋನಾಯಿಸಿ ಅವರ ಖಾತೆಯಿಂದ ಕಟ್ಟಿಸುವುದು ರೂಢಿ. ಮಾಡಬಹುದಾದ ಕೆಲಸವೆಂದರೆ, ಊರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯನ್ನು ನೆಟ್ ಬ್ಯಾಂಕಿಂಗ್ ಸೌಲಭ್ಯದೊಂದಿಗೆ ಸಿದ್ಧವಾಗಿಟ್ಟುಕೊಳ್ಳುವುದು. 2023ರ ಜನವರಿಯಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಯುಎಇ, ಸೌದಿ ಅರೇಬಿಯಾ, ಒಮಾನ್, ಕತಾರ್ ಸೇರಿದಂತೆ ಹತ್ತು ದೇಶಗಳ ಮೊಬೈಲ್ ಸಂಖ್ಯೆಯಿಂದಲೇ ಇಂತಹ ಖಾತೆಗಳಿಗೆ ಯುಪಿಐ ಜೋಡಿಸಲು ಅವಕಾಶ ನೀಡಿತು. ಬ್ಯಾಂಕು ಈ ಸೌಲಭ್ಯ ಕೊಡುತ್ತದೆಯೇ ಎಂದು ರಜೆಗೆ ಊರಿಗೆ ಬಂದಾಗ ಒಮ್ಮೆ ವಿಚಾರಿಸಿ ಜೋಡಿಸಿಕೊಂಡರೆ ಪ್ರವೇಶದ ದಿನಗಳಲ್ಲಿ ಇನ್ನೊಬ್ಬರ ಬಿಡುವಿಗೆ ಕಾಯಬೇಕಾಗಿಲ್ಲ.

ಶುಲ್ಕ ಕಟ್ಟುವ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ. ನಮ್ಮವರು ಸಂಕೋಚದಿಂದ ಅದನ್ನು ಮಾಡುವುದಿಲ್ಲ. ಅದು ಶುಲ್ಕ ವಿನಾಯಿತಿ ಕೇಳುವುದು. ಅಮೆರಿಕದ ಅನೇಕ ಕಾಲೇಜುಗಳಿಗೆ ಅರ್ಜಿ ಶುಲ್ಕವೇ ಇಲ್ಲ. ಶುಲ್ಕವಿರುವ ಕೆಲವು ಕಡೆ ಆರ್ಥಿಕ ಸಂಕಷ್ಟವನ್ನು ತಿಳಿಸಿ ಬರೆದರೆ ವಿದೇಶೀ ವಿದ್ಯಾರ್ಥಿಗಳಿಗೂ ಮನ್ನಾ ಮಾಡುವ ಕ್ರಮವಿದೆ. ಮೆಸಾಚುಸೆಟ್ಸ್‌ನ ಪ್ರಸಿದ್ಧ ಎಂಐಟಿ ಕೂಡ ಪದವಿ ತರಗತಿಯ ಅರ್ಜಿಗೆ ಇಂತಹ ವಿನಾಯಿತಿಯನ್ನು ನೀಡುತ್ತದೆ. ಎಲ್ಲೆಡೆ ಸಿಗುತ್ತದೆಂದಲ್ಲ. ತನ್ನ ದೇಶದ ಪ್ರಜೆಗಳಿಗೆ ಮಾತ್ರ ಎನ್ನುವ ಸಂಸ್ಥೆಗಳೂ ಇವೆ. ಆದರೆ ಕೇಳಿದ್ದಕ್ಕಾಗಿ ಅರ್ಜಿಯನ್ನು ಕೀಳಾಗಿ ಕಾಣುತ್ತಾರೆ ಎಂಬ ಭಯ ಬೇಡ. ನಾಲ್ಕು ಸಾಲಿನ ಸಭ್ಯವಾದ ಪತ್ರ, ಕುಟುಂಬದ ಆದಾಯದ ದಾಖಲೆ, ಕೊನೆಯ ದಿನಾಂಕಕ್ಕೆ ಎರಡು ಮೂರು ವಾರಗಳ ಮುಂಚಿತ ಸಮಯ, ಇಷ್ಟು ಸಾಕು. ಒಮ್ಮೆ ಕಟ್ಟಿದ ಮೇಲೆ ವಿನಾಯಿತಿ ಕೇಳಿದರೆ ಹಣ ಹಿಂದೆ ಬರುವುದು ಕಷ್ಟ. ದಿನಾಂಕದ ವಿಷಯದಲ್ಲೂ ಎಚ್ಚರ ಬೇಕು. ನ್ಯೂಯಾರ್ಕಿನ ಚಳಿಗಾಲದ ನಡುರಾತ್ರಿ ಎಂದರೆ ನಮಗೆ ಮರುದಿನ ಬೆಳಗ್ಗೆ ಹತ್ತೂವರೆ ಗಂಟೆ. ಬರ್ಲಿನ್ನಿನ ಬೇಸಗೆಯ ನಡುರಾತ್ರಿ ನಮ್ಮ ನಸುಕಿನ ಮೂರೂವರೆ. ಆ ಹೊತ್ತಿಗೆ ಕಾರ್ಡ್ ಕೈಕೊಟ್ಟರೆ ನೆರವಿಗೆ ಬರುವ ಬ್ಯಾಂಕ್ ಶಾಖೆ ಯಾವುದೂ ಇರುವುದಿಲ್ಲ.

ಈಗ ಸರಕಾರದ ಕಡೆ ನೋಡೋಣ. ವಿದೇಶದಲ್ಲಿ ಓದುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಶಿಕ್ಷಣ ಸಾಲದ ಬಡ್ಡಿಗೆ ಸಹಾಯಧನ ನೀಡುವ ಪಢೋ ಪರದೇಶ್ ಯೋಜನೆ 2013-14ರಲ್ಲಿ ಆರಂಭವಾಗಿತ್ತು. ಕೇಂದ್ರ ಸರಕಾರ ಅದನ್ನು 2022-23ರಿಂದ ನಿಲ್ಲಿಸಿತು. ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಕೂಡ ನಿಂತುಹೋದುದನ್ನು 2022ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಇತರ ಯೋಜನೆಗಳೊಂದಿಗೆ ಇವು ಅತಿವ್ಯಾಪ್ತಿ ಹೊಂದಿವೆ ಎಂಬುದು ಕೊಟ್ಟ ಕಾರಣ. ಹಿಂದುಳಿದ ಒಂದು ಸಮುದಾಯವು ಉನ್ನತ ಶಿಕ್ಷಣದ ಮೆಟ್ಟಿಲೇರಲು ಆರಂಭಿಸಿದ ಹೊತ್ತಿನಲ್ಲೇ ಕೈಗಂಬಿಯನ್ನು ಕಿತ್ತುಹಾಕಿದ ಈ ಕ್ರಮವನ್ನು ಪ್ರಶ್ನಿಸುವುದು ನಮ್ಮ ಪ್ರಜಾಸತ್ತಾತ್ಮಕ ಹಕ್ಕು. ಆ ಧ್ವನಿ ನಿಲ್ಲಬಾರದು. ರಾಜ್ಯ ಸರಕಾರವೂ ತನ್ನ ಅಲ್ಪಸಂಖ್ಯಾತರ, ಹಿಂದುಳಿದವರ, ದಲಿತರ ವಿದ್ಯಾರ್ಥಿ ನೆರವಿನ ಯೋಜನೆಗಳಲ್ಲಿ ಅರ್ಜಿ ಹಂತದ ವೆಚ್ಚವನ್ನು ಮರುಪಾವತಿಸುವ ಅಂಶವೊಂದನ್ನು ಸೇರಿಸಬೇಕೆಂದು ನಾವು ಆಗ್ರಹಿಸುತ್ತೇವೆ. ಅದಕ್ಕೆ ಬೇಕಾಗುವ ಮೊತ್ತ ದೊಡ್ಡದಲ್ಲ, ತಲುಪುವ ಜನ ಮಾತ್ರ ದೊಡ್ಡ ಸಂಖ್ಯೆಯವರು.

ಹಾಗಂತ ಎಲ್ಲವನ್ನೂ ಸರಕಾರದ ಮೇಲೆ ಹಾಕಿ ನಾವು ಕೈಕಟ್ಟಿ ಕೂರಬೇಕೇ? ಬೋಧನಾ ಶುಲ್ಕದ ಲಕ್ಷಾಂತರ ರೂಪಾಯಿಯನ್ನು ಒಂದು ಜಮಾಅತ್ ಭರಿಸಲಾರದು, ನಿಜ. ಅರ್ಜಿ ಶುಲ್ಕವನ್ನು ಖಂಡಿತ ಭರಿಸಬಲ್ಲದು. 500 ಮನೆಗಳಿರುವ ಒಂದು ಜಮಾಅತ್‌ನಲ್ಲಿ ತಿಂಗಳಿಗೆ ಮನೆಯೊಂದಕ್ಕೆ 50 ರೂಪಾಯಿ ಸಂಗ್ರಹವಾದರೆ ತಿಂಗಳಿಗೆ 25,000, ವರ್ಷಕ್ಕೆ 3 ಲಕ್ಷ ರೂಪಾಯಿ. ಒಬ್ಬ ವಿದ್ಯಾರ್ಥಿಗೆ 30,000 ರೂಪಾಯಿಯಂತೆ ಹತ್ತು ಮಂದಿ ಈ ಹಣದಿಂದ ಅರ್ಜಿ ಹಾಕಬಹುದು. ಮದುವೆಯ ಒಂದು ಆಮಂತ್ರಣ ಪತ್ರಕ್ಕೆ ನೂರು ರೂಪಾಯಿ ಸುರಿಯುವ ಮನೆಗಳಿರುವ ಊರುಗಳಲ್ಲಿ ತಿಂಗಳಿಗೆ 50 ರೂಪಾಯಿ ಹೊರೆಯಾಗದು. ಝಕಾತ್ ಹಣವನ್ನು ಇದಕ್ಕೆ ಬಳಸುವ ಪ್ರಶ್ನೆಯನ್ನು ಆಯಾ ಊರಿನ ವಿದ್ವಾಂಸರು ಅರ್ಹತೆ ನೋಡಿ ತೀರ್ಮಾನಿಸಲಿ. ಆ ತೀರ್ಮಾನಕ್ಕೆ ಕಾಯದೆ ಸ್ವಯಂಪ್ರೇರಿತ ದಾನದಿಂದಲೇ ನಿಧಿಯನ್ನು ಆರಂಭಿಸಬಹುದು. ಬಡ್ಡಿರಹಿತ ಸಾಲದ ರೂಪದಲ್ಲಿ ಕೊಟ್ಟು, ಉದ್ಯೋಗ ಸಿಕ್ಕ ಮೇಲೆ ಹಿಂದಿರುಗಿಸುವಂತೆ ಮಾಡಿದರೆ ಕೆಲವೇ ವರ್ಷಗಳಲ್ಲಿ ಆ ನಿಧಿ ಸ್ವಂತ ಕಾಲಿನ ಮೇಲೆ ನಿಂತೀತು.

ಆದರೆ ನಿಧಿಗೆ ಶಿಸ್ತು ಬೇಕು. ಹಣವನ್ನು ಕೈಗೆ ಕೊಡುವುದಕ್ಕಿಂತ ವಿದ್ಯಾರ್ಥಿಯ ಎದುರಿನಲ್ಲಿಯೇ ಅವನ ಅರ್ಜಿಯ ಪುಟದಲ್ಲಿ ಕಟ್ಟುವುದು ಲೇಸು. ಒಬ್ಬ ಅಧ್ಯಾಪಕ, ಒಬ್ಬ ಬ್ಯಾಂಕ್ ಉದ್ಯೋಗಿ, ಹೊರದೇಶದಲ್ಲಿ ಓದಿ ಬಂದ ಒಬ್ಬರು, ಹೀಗೆ ಮೂವರ ಸಣ್ಣ ಸಮಿತಿ ಸಾಕು. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿದ್ದರೆ ಹೆಣ್ಣುಮಕ್ಕಳು ನಿಸ್ಸಂಕೋಚವಾಗಿ ಬಂದಾರು. ಹತ್ತರಲ್ಲಿ ಐದು ನೆರವಾದರೂ ಹೆಣ್ಣುಮಕ್ಕಳಿಗೆಂದು ಮೊದಲೇ ನಿಗದಿಯಾಗಲಿ. ಸಮಿತಿಯು ವಿದ್ಯಾರ್ಥಿಯ ಪಟ್ಟಿಯನ್ನು ಕೂಡ ನೋಡಬೇಕು. ಹದಿನೈದು ಕಡೆ ಗೊತ್ತುಗುರಿಯಿಲ್ಲದೆ ಅರ್ಜಿ ಹಾಕುವುದಕ್ಕಿಂತ ಅಂಕಗಳಿಗೆ ತಕ್ಕಂತೆ ಆರಿಸಿದ ಐದು ಕಡೆ ಹಾಕುವುದು ವಿವೇಕ. ಪಡೆದವರ ಹೆಸರನ್ನು ಫಲಕದಲ್ಲಿ ಬರೆಯಬೇಡಿ, ವೇದಿಕೆಯಲ್ಲಿ ಫೋಟೋ ತೆಗೆಯಬೇಡಿ. ಲೆಕ್ಕವನ್ನು ಮಾತ್ರ ವರ್ಷಕ್ಕೊಮ್ಮೆ ಎಲ್ಲರ ಮುಂದಿಡಿ. ನೆರವಿನ ಬಾಗಿಲು ನೆರೆಹೊರೆಯ ಬಡ ಹಿಂದೂ, ಕ್ರೈಸ್ತ ಮಕ್ಕಳಿಗೂ ತೆರೆದಿರಲಿ. ಅರ್ಜಿ ಶುಲ್ಕವು ಜಾತಿ ಮತ ನೋಡಿ ಭಾರವಾಗುವುದಿಲ್ಲ.

ವಿದೇಶದ ಶಿಕ್ಷಣವೇ ಶ್ರೇಷ್ಠವೆಂದಾಗಲಿ, ಎಲ್ಲರೂ ಹೊರಗೇ ಹೋಗಬೇಕೆಂದಾಗಲಿ ನಾವು ಹೇಳುತ್ತಿಲ್ಲ. ನಮ್ಮ ದೇಶದ ಕೇಂದ್ರೀಯ ವಿಶ್ವವಿದ್ಯಾನಿಲಯಗಳಲ್ಲಿ ಕಡಿಮೆ ಖರ್ಚಿನಲ್ಲಿ ಸಿಗುವ ಶಿಕ್ಷಣವನ್ನು ಮೊದಲು ಪರಿಶೀಲಿಸುವುದೇ ಜಾಣತನ. ಅರ್ಜಿಯ ಬಳಿಕದ ವೆಚ್ಚಗಳನ್ನು ಲೆಕ್ಕ ಹಾಕದೆ ಅರ್ಜಿ ಹಾಕುವುದೂ ತಪ್ಪು. ಜರ್ಮನಿಗೆ ಹೋಗುವವನು ಒಂದು ವರ್ಷದ ಜೀವನ ವೆಚ್ಚವೆಂದು 2024ರ ಸೆಪ್ಟೆಂಬರ್‌ನಿಂದ 11,904 ಯೂರೋ ಖಾತೆಯಲ್ಲಿ ತೋರಿಸಬೇಕಾಗಿ ಬಂತು. ಇದನ್ನು ಮೊದಲೇ ತಿಳಿದು, ಸಾಧ್ಯವಿಲ್ಲವೆಂದು ಕುಟುಂಬವು ನಿರ್ಧರಿಸಿದರೆ ಅದು ವಿವೇಚನೆ. ಏನನ್ನೂ ತಿಳಿಯದೆ, ಯಾರನ್ನೂ ಕೇಳದೆ, ಆರು ಸಾವಿರ ರೂಪಾಯಿಯ ಮುಂದೆ ಹೆದರಿ ಹಿಂದೆ ಸರಿಯುವುದು ವಿವೇಚನೆಯಲ್ಲ. ಯೋಗ್ಯತೆಯಿದ್ದೂ ಸೀಟು ಸಿಗದೆ ಹೋದರೆ ಮಗು ಮತ್ತೊಂದು ದಾರಿ ಹುಡುಕಿಕೊಂಡೀತು. ಕೇಳಲೂ ಆಗದೆ ಹೋದ ಮಗು, ತನಗೆ ಯೋಗ್ಯತೆಯಿತ್ತೋ ಇಲ್ಲವೋ ಎಂಬುದನ್ನೇ ತಿಳಿಯದೆ ಬದುಕುತ್ತದೆ.

ಬರುವ ಪ್ರವೇಶ ಋತುವಿಗೆ ಇನ್ನೂ ಸಮಯವಿದೆ. ಜಮಾಅತ್‌ಗಳ ಮುಂದಿನ ಮಾಸಿಕ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಬರಲಿ. ಮನೆಯಲ್ಲಿ ತಂದೆತಾಯಂದಿರು ಮಗನ ಜೊತೆಗೆ ಮಗಳನ್ನೂ ಕೂರಿಸಿಕೊಂಡು, ಎಲ್ಲೆಲ್ಲಿ ಅರ್ಜಿ, ಎಷ್ಟು ಶುಲ್ಕ, ಯಾವ ದಿನಾಂಕ, ಯಾವ ಕಾರ್ಡು ಎಂಬ ನಾಲ್ಕು ಕಾಲಂಗಳ ಒಂದು ಹಾಳೆಯನ್ನು ಬರೆಯಲಿ. ನಾವು ಸಮುದಾಯದ ಮುಖಂಡರಿಂದಲೂ ಪೋಷಕರಿಂದಲೂ ಈ ವರ್ಷ ಕೇಳುತ್ತಿರುವುದು ಇಷ್ಟನ್ನೇ.